ದಕ್ಷಿಣ ಬದಿಯ ಕೋಣೆ ತೆರವಾದ ಕುರಿತು

ನಾನು ಇದುವರೆಗೆ ಬರೆದಿರುವುದೆಲ್ಲ ಬೇರೆಯವರ ಸಹಿಗಾಗಿ. ಬಿ.ಸಿ.ರೋಡಿನ ಒಂದು ಕಚೇರಿಯಲ್ಲಿ ಇಪ್ಪತ್ತೆಂಟು ವರ್ಷಗಳಿಂದ ಪತ್ರಗಳ ಕರಡು ಸಿದ್ಧಪಡಿಸುವುದು ನನ್ನ ಕೆಲಸ. ಆ ಪತ್ರಗಳಲ್ಲಿ ವಿಷಯ ಮೊದಲು ಬರುತ್ತದೆ, ವಿವರ ಆಮೇಲೆ ಬರುತ್ತದೆ. ಬರೆದವರ ಮನಸ್ಸಿಗೆ ಅಲ್ಲಿ ಪ್ರತ್ಯೇಕ ಜಾಗವಿಲ್ಲ. ಬೇರೆ ಕ್ರಮ ನನಗೆ ತಿಳಿಯದಿರುವುದರಿಂದ ಇಲ್ಲಿಯೂ ವಿಷಯವನ್ನೇ ಮೊದಲು ನಮೂದಿಸುತ್ತೇನೆ. ನಮ್ಮ ಮನೆಯ ಒಳಗೆ ಬಣ್ಣ ಬಳಿಸಲು ಎಲ್ಲ ಕೋಣೆಗಳನ್ನು ನಾನೇ ಮುಂದೆ ನಿಂತು ಖಾಲಿ ಮಾಡಿಸಿದೆ. ಬಣ್ಣ ಒಣಗಿದ ಮೇಲೆ ಅವರವರ ಕೋಣೆ ಅವರವರಿಗೆ ಮರಳಿತು. ನನ್ನದು ಮರಳಲಿಲ್ಲ.

ಮನೆ ಇರುವುದು ಪುಂಜಾಲಕಟ್ಟೆ ದಾಟಿ ಬೆಳ್ತಂಗಡಿಗೆ ಹೋಗುವ ದಾರಿಯಲ್ಲಿ. ಬಸ್ಸಿಳಿದು ಹತ್ತು ನಿಮಿಷ ನಡೆಯಬೇಕು. ಅದು ನಮ್ಮ ಅಮ್ಮನ ಮನೆ. ನಮ್ಮ ಕಡೆಯ ಹಳೆಯ ಕಟ್ಟಳೆಯಂತೆ ಮನೆ ತಾಯಿಯಿಂದ ಹೆಣ್ಣುಮಕ್ಕಳಿಗೆ ಇಳಿದು ಬರುತ್ತದೆ. ಕಾನೂನು ಬದಲಾಗಿ ಬಹಳ ಕಾಲವಾಗಿದ್ದರೂ ಮನೆಯೊಳಗಿನ ಮಾತಿನಲ್ಲಿ ಕಟ್ಟಳೆ ಬದಲಾಗಿಲ್ಲ. ಅಮ್ಮನಿಗೆ ನಾವು ಇಬ್ಬರು: ನಾನು, ಮತ್ತು ನನಗಿಂತ ಎಂಟು ವರ್ಷ ಚಿಕ್ಕವಳಾದ ತಂಗಿ. ನಾನು ಮದುವೆಯಾಗಲಿಲ್ಲ. ಅದರ ಕಾರಣಗಳು ಈ ಬರಹದ ವ್ಯಾಪ್ತಿಗೆ ಬರುವುದಿಲ್ಲ. ತಂಗಿಗೆ ಗಂಡ ಇದ್ದಾನೆ, ಒಬ್ಬಳು ಮಗಳಿದ್ದಾಳೆ. ಕುಟುಂಬ ಮುಂದುವರಿಯುವುದು ಅವಳಿಂದ, ನನ್ನಿಂದಲ್ಲ. ಆದ್ದರಿಂದ ಅಮ್ಮ ತೀರಿಕೊಂಡ ಮೇಲೆ ಮನೆ ತಂಗಿಯ ಹೆಸರಿನಲ್ಲಿಯೇ ಇರಲಿ ಎಂದು ನಾನು ಸಂತೋಷದಿಂದ ಒಪ್ಪಿಗೆ ಬರೆದುಕೊಟ್ಟೆ. ಅಂದು ಸಂಜೆ ಮನೆಯ ಮುಂದಿನ ಚಾವಡಿಯಲ್ಲಿ ದೀಪ ಹಚ್ಚಿದ ಮೇಲೆ ತಂಗಿ ನನ್ನ ಕೈ ಹಿಡಿದು, “ಅಕ್ಕ, ದಕ್ಷಿಣದ ಕೋಣೆ ನಿನ್ನದು. ನೀನು ಇರುವವರೆಗೆ ಅದಕ್ಕೆ ಬೇರೆ ಯಾರೂ ಕಾಲಿಡ್ಲಿಕ್ಕಿಲ್ಲ,” ಎಂದಳು.

ಅದನ್ನು ನಾನು ಬರಹದಲ್ಲಿ ಪಡೆಯಲಿಲ್ಲ. ಕಚೇರಿಯ ಕಿಟಕಿಯ ಬಳಿ ನಿಂತವರಿಗೆಲ್ಲ, ಬಾಯಲ್ಲಿ ಹೇಳಿದರೆ ಆಗುವುದಿಲ್ಲ, ಬರೆದು ತನ್ನಿ ಎನ್ನುವವಳು ನಾನೇ. ಆದರೆ ನಾನು ಎತ್ತಿ ಆಡಿಸಿದ ತಂಗಿಯಿಂದ ಒಂದು ಕೋಣೆಗೆ ಸಹಿ ಹಾಕಿಸಿಕೊಳ್ಳುವುದು ನನಗೆ ಅವಮಾನವೆಂದು ತೋರಿತು. ಅವಳಿಗಲ್ಲ, ನನಗೆ.

ಸದರಿ ಕೋಣೆ ದೊಡ್ಡದಲ್ಲ. ಒಂದು ಮಂಚ, ಒಂದು ಮರದ ಕಪಾಟು, ಕಿಟಕಿಯ ಕೆಳಗೆ ಒಂದು ಮೇಜು. ಬಟ್ಟೆ ಒಗೆಯುವ ಕಲ್ಲು ಆ ಕಿಟಕಿಯಿಂದ ಕಾಣುತ್ತದೆ. ಬೆಳಿಗ್ಗೆ ಎದ್ದ ಕೂಡಲೇ ಯಾರು ಯಾರ ಬಟ್ಟೆ ಒಗೆಯುತ್ತಿದ್ದಾರೆ ಎಂಬುದು ನನಗೆ ಮಲಗಿದಲ್ಲಿಂದಲೇ ತಿಳಿಯುತ್ತಿತ್ತು. ಗೋಡೆಗಳಲ್ಲಿ ಒಟ್ಟು ಒಂಬತ್ತು ಮೊಳೆಗಳಿದ್ದವು. ಅಮ್ಮನ ಫೋಟೋಕ್ಕೆ ಒಂದು, ಗಡಿಯಾರಕ್ಕೆ ಒಂದು, ಕ್ಯಾಲೆಂಡರಿಗೆ ಒಂದು, ಕಚೇರಿಯ ಚೀಲಕ್ಕೆ ಒಂದು, ಕೊಡೆಗೆ ಒಂದು. ಉಳಿದ ನಾಲ್ಕು ಸೊಳ್ಳೆ ಪರದೆಯ ನಾಲ್ಕು ಮೂಲೆಗಳಿಗೆ. ಈ ಒಂಬತ್ತರ ಉಲ್ಲೇಖ ಅಗತ್ಯವಿರುವುದರಿಂದ ಇಲ್ಲಿ ಬರೆದಿದ್ದೇನೆ.

ಕಳೆದ ದೀಪಾವಳಿ ಮುಗಿದು ಗೋಡೆಗಳು ಮಳೆಗಾಲದ ತೇವ ಬಿಟ್ಟ ಮೇಲೆ, ತಂಗಿಯ ಮಗಳ ನಿಶ್ಚಿತಾರ್ಥ ನಿಗದಿಯಾಯಿತು. ಹಾಲ್ ಬೇಡ, ಮನೆಯಲ್ಲಿಯೇ ಮಾಡುವ ಎಂದು ತೀರ್ಮಾನವಾಯಿತು. ಒಂದು ರಾತ್ರಿ ಊಟದ ಹೊತ್ತಿಗೆ ತಂಗಿ ಮಾತು ತೆಗೆದಳು. ನಮ್ಮ ಮನೆಮಾತು ತುಳು. ಇಲ್ಲಿ ಅದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

“ಹುಡುಗನ ಕಡೆಯವರು ಬರುವಾಗ ಈ ಗೋಡೆ ನೋಡಿದರೆ ಎಂತ ಹೇಳಿಯಾರು? ಒಳಗೆಲ್ಲ ಒಮ್ಮೆ ಪೇಂಟ್ ಮಾಡಿಸುವ ಅಕ್ಕ.”

“ಮಾಡಿಸುವ. ಯಾರು ನಿಂತುಕೊಳ್ಳುವುದು?”

“ನೀನಲ್ಲದೆ ಮತ್ತೆ ಯಾರು? ಇವರನ್ನು ನಿಲ್ಲಿಸಿದರೆ ಪೇಂಟರ್ ಚಾ ಕುಡಿಯುವಾಗ ಇವರೂ ಚಾ ಕುಡಿಯುತ್ತಾರೆ, ಅವ ಬೀಡಿ ಎಳೆಯುವಾಗ ಇವರು ಗಲ್ಫಿನ ಕತೆ ಹೇಳುತ್ತಾರೆ. ಕೆಲಸ ಮುಗಿಯುವಾಗ ಮಗಳಿಗೆ ಮಗು ಆಗಿರ್ತದೆ.”

ಗಲ್ಫಿನಿಂದ ಕಾಯಂ ಆಗಿ ಮರಳಿ ಬಂದು ವರ್ಷವಾಗಿದ್ದ ತಂಗಿಯ ಗಂಡ ನಕ್ಕು ತಟ್ಟೆಗೆ ಇನ್ನಷ್ಟು ಸಾರು ಹಾಕಿಸಿಕೊಂಡ. ನಾನೂ ನಕ್ಕೆ. ಒಂದು ವಾರದ ರಜೆಗೆ ಮರುದಿನವೇ ಅರ್ಜಿ ಕೊಟ್ಟೆ.

ಪೇಂಟರ್ ಕಲ್ಲಡ್ಕದ ಕಡೆಯವರು. ವಯಸ್ಸು ಐವತ್ತರ ಆಸುಪಾಸು. ಏಣಿ ಹತ್ತುವಾಗ ಮಂಡಿ ಹಿಡಿದುಕೊಳ್ಳುತ್ತಿದ್ದರು. ಬಂದ ಮೊದಲ ದಿನ ಅಂಗೈಯಿಂದ ಗೋಡೆ ತಟ್ಟುತ್ತ ಮನೆಯಿಡೀ ಒಂದು ಸುತ್ತು ನಡೆದು, ತಂಗಿಯ ಗಂಡ ಆರಿಸಿಟ್ಟಿದ್ದ ಬಣ್ಣದ ಕಾರ್ಡನ್ನು ದೂರ ಹಿಡಿದು ನೋಡಿದರು.

“ದುಬಾಯಿಯ ಬಣ್ಣ ಇಲ್ಲಿ ಹಿಡಿಯುವುದಿಲ್ಲ ಮಾರಾಯ್ರೆ. ನೀವು ಯಾವುದು ಬೇಕಾದರೂ ಹೇಳಿ, ನಾನು ಬಳೀತೇನೆ. ಎರಡು ಮಳೆಗಾಲ ಕಳೆದರೆ ನಮ್ಮ ಊರಿನಲ್ಲಿ ಎಲ್ಲ ಬಣ್ಣವೂ ಹಸಿರೇ.”

ಆಮೇಲೆ ನನ್ನ ಕಡೆ ತಿರುಗಿ ತಮ್ಮ ನಿಯಮ ಹೇಳಿದರು. ಗೋಡೆಯನ್ನು ಕೆರೆದು, ಉಜ್ಜಿ, ಪುಟ್ಟಿ ಹಾಕುವ ಮೊದಲು ಪ್ರತಿಯೊಂದು ಮೊಳೆಯ ವಿಚಾರ ಇತ್ಯರ್ಥವಾಗಬೇಕು. ಇರಬೇಕಾದ ಮೊಳೆಗೆ ಅವರು ಕಾಗದ ಸುತ್ತಿ ಅದರ ಸುತ್ತಲೂ ಬಳಿಯುತ್ತಾರೆ. ಬೇಡವಾದ ಮೊಳೆಯನ್ನು ಕಿತ್ತು ತೂತಿಗೆ ಪುಟ್ಟಿ ತುಂಬುತ್ತಾರೆ. “ಬಣ್ಣ ಆದ ಮೇಲೆ ‘ಅಯ್ಯೋ, ಇಲ್ಲಿ ಕ್ಯಾಲೆಂಡರ್ ಇತ್ತು’ ಹೇಳಿ ಸುತ್ತಿಗೆ ಹಿಡಿದುಕೊಂಡು ಬರ್ತಾರೆ. ಗೋಡೆಗೆ ಹೊಡೆದರೆ ನನ್ನ ಎದೆಗೆ ಹೊಡೆದ ಹಾಗೆ. ಈಗಲೇ ಹೇಳಿಬಿಡಿ ಅಕ್ಕ, ಯಾವುದು ಇರ್ಲಿಕ್ಕುಂಟು, ಯಾವುದು ಹೋಗ್ಲಿಕ್ಕುಂಟು.”

ಇದು ನನಗೆ ತಿಳಿದ ಕೆಲಸವಾಗಿತ್ತು. ಹಳೆಯ ಕಾಗದವನ್ನು ಚೀಟಿಗಳಾಗಿ ಕತ್ತರಿಸಿ, ಕ್ರಮಸಂಖ್ಯೆ ಹಾಕಿ, ಪ್ರತಿ ಮೊಳೆಯ ಪಕ್ಕದಲ್ಲಿ ಅಂಟಿಸಿದೆ. ಒಂದು ನೋಟ್‌ಬುಕ್ಕಿನಲ್ಲಿ ಕೋಣೆವಾರು ಪಟ್ಟಿ ಮಾಡಿ, ಎದುರಿನ ಅಂಕಣದಲ್ಲಿ ‘ಇರಲಿ’ ಅಥವಾ ‘ತೆಗೆಯಬಹುದು’ ಎಂದು ಬರೆದೆ. ಚಾವಡಿಯಲ್ಲಿ ಹಿರಿಯರ ಫೋಟೋಗಳಿಗೆ ಏಳು, ಅಡುಗೆಮನೆಯಲ್ಲಿ ಮೂರು, ತಂಗಿಯ ಕೋಣೆಯಲ್ಲಿ ಐದು, ಹೀಗೆ. ದಕ್ಷಿಣದ ಕೋಣೆ: ಒಂಬತ್ತು, ಎಲ್ಲವೂ ಇರಲಿ. ಪೇಂಟರ್ ಒಳಗೆ ಬಂದು ನೋಡಿ ಕೈ ಜೋಡಿಸಿದರು.

“ಇದು ಗೋಡೆಯಾ ಅಕ್ಕ, ಆಫೀಸಿನ ನೋಟಿಸ್ ಬೋರ್ಡಾ? ನಾನು ಬಣ್ಣ ಬಳಿಯುವ ಮೊದಲು ಅರ್ಜಿ ಕೊಡ್ಬೇಕಾ?”

“ಕೊಡಿ. ಎರಡು ಪ್ರತಿಯಲ್ಲಿ ಕೊಡಿ,” ಎಂದೆ. ಮನೆಯವರೆಲ್ಲ ನಕ್ಕರು. ನನ್ನ ಜೀವನದಲ್ಲಿ ನಾನು ಆಡಿದ ಮಾತಿಗೆ ಒಂದು ಮನೆಯಿಡೀ ನಕ್ಕದ್ದು ಕಡಿಮೆ. ಆ ದಿನ ನಾನು ಬಹಳ ಸುಖವಾಗಿದ್ದೆ ಎಂಬುದನ್ನು ಇಲ್ಲಿ ದಾಖಲಿಸಬೇಕಾಗಿದೆ.

ಎರಡು ದಿನ ಬೆನ್ನು ನೇರ ಮಾಡಲು ಬಿಡುವಿರಲಿಲ್ಲ. ಪಾತ್ರೆಗಳನ್ನು ಅಕ್ಕಿಗೋಣಿಯಲ್ಲಿ ತುಂಬಿ ಹಟ್ಟಿಗೆ ಸಾಗಿಸಿದೆವು. ಹಸು ಇಲ್ಲದೆ ಹಟ್ಟಿ ಖಾಲಿಯಿತ್ತು. ತಂಗಿಯ ಕೋಣೆಯ ಕಪಾಟು, ಮಗಳ ಪುಸ್ತಕದ ರ‍್ಯಾಕು, ಟಿ.ವಿ., ಎಲ್ಲವೂ ಚಾವಡಿಯ ನಡುವೆ ಗುಡ್ಡೆಯಾಗಿ ನಿಂತವು. ಅವುಗಳ ಮೇಲೆ ಹಳೆಯ ಸೀರೆಗಳನ್ನು ಹೊದೆಸಿ ಹಗ್ಗ ಕಟ್ಟಿದೆ. ಸ್ವಿಚ್ ಬೋರ್ಡುಗಳಿಗೆ ಪೇಪರ್ ಅಂಟಿಸಿದೆ. ನೆಲಕ್ಕೆ ಗೋಣಿ ಹಾಸಿದೆ. ಪೇಂಟರ್ ಗೋಡೆಗೆ ನೀರು ಚಿಮುಕಿಸಿ ತಗಡಿನ ಪಟ್ಟಿಯಿಂದ ಹಳೆಯ ಬಣ್ಣ ಕೆರೆಯತೊಡಗಿದಾಗ ಒಂದೊಂದೇ ಪದರ ಹೊರಬಂತು: ಮೇಲೆ ಹಳದಿ, ಅದರಡಿ ತಿಳಿನೀಲಿ, ಅದರಡಿ ಸುಣ್ಣ. ನೀಲಿ ಅಮ್ಮ ಆರಿಸಿದ್ದು. ನನ್ನ ಮೊದಲ ಸಂಬಳದ ವರ್ಷ.

ಕೆರೆದ ಧೂಳಿಗೆ ನನಗೆ ಕೆಮ್ಮು ಬಂತು. ಉಬ್ಬಸ ನನಗೆ ಮೊದಲಿನಿಂದಲೂ ಸ್ವಲ್ಪ ಇದೆ. ಎರಡನೆಯ ದಿನ ಸಂಜೆ ತಂಗಿ ಬಿಸಿನೀರು ತಂದುಕೊಟ್ಟು ಪಕ್ಕದಲ್ಲಿ ಕುಳಿತಳು.

“ಇದು ಆಗುವುದಿಲ್ಲ ಅಕ್ಕ. ನಾಳೆ ಪುಟ್ಟಿ ಉಜ್ಜುವಾಗ ಇದರ ಹತ್ತು ಪಾಲು ಧೂಳು. ಮತ್ತೆ ಪೇಂಟಿನ ವಾಸನೆ ಬೇರೆ. ಮೂಡುಬಿದಿರೆಯಲ್ಲಿ ನಿನ್ನ ಗೆಳತಿಯ ಮಾಳಿಗೆ ಕೋಣೆ ಖಾಲಿ ಉಂಟಲ್ಲ. ಒಂದು ವಾರ ಅಲ್ಲಿದ್ದು ಬಾ.”

“ನೋಡಿಕೊಳ್ಳುವವರು?”

“ಎಲ್ಲ ನೀನು ಬರೆದೇ ಇಟ್ಟಿದ್ದೀ ಅಲ್ಲ. ಇನ್ನು ನೋಡ್ಲಿಕ್ಕೆ ಎಂತ ಉಂಟು? ನಿನಗೆ ಹೆಚ್ಚುಕಡಿಮೆ ಆದರೆ ನಾನು ಯಾರ ಮುಖ ನೋಡುವುದು?”

ಅಷ್ಟು ಕಾಳಜಿಯ ಮಾತನ್ನು ನಾನು ಬಹಳ ದಿನಗಳಿಂದ ಕೇಳಿರಲಿಲ್ಲ. ಕಚೇರಿಯಿಂದ ನಿವೃತ್ತಳಾದ ಆ ಗೆಳತಿಗೆ ಅಲ್ಲಿಂದಲೇ ಫೋನ್ ಮಾಡಿದೆ. ಅವಳು ಬಾ ಎಂದಳು.

ಮರುದಿನ ಬೆಳಿಗ್ಗೆ ಪಿಕಪ್ ಬಂತು. ಒಂದು ಚೀಲ ಬಟ್ಟೆ ಸಾಕು ಎಂದು ನಾನು ಹೇಳಿದೆ. ತಂಗಿ ಕೇಳಲಿಲ್ಲ. “ಮಂಚ, ಕಪಾಟು ತೆಗೆಯದೆ ಪುಟ್ಟಿ ಹಾಕ್ಲಿಕ್ಕೆ ಆಗ್ತದಾ? ಚಾವಡಿಯಲ್ಲಿ ಕಾಲಿಡ್ಲಿಕ್ಕೆ ಜಾಗ ಇಲ್ಲ. ಅಲ್ಲಿ ಮಾಳಿಗೆ ಖಾಲಿಯೇ ಅಲ್ವಾ, ನೀನು ನೆಲದಲ್ಲಿ ಮಲಗುವುದು ಬೇಡ,” ಎಂದಳು. ಪೇಂಟರ್ ಮತ್ತು ತಂಗಿಯ ಗಂಡ ಸೇರಿ ಮಂಚ ಏರಿಸಿದರು. ಕಪಾಟು ಏರಿತು, ಮೇಜು ಏರಿತು. ಅಮ್ಮನ ಫೋಟೋವನ್ನು ತಂಗಿಯೇ ಬೆಡ್‌ಶೀಟಿನಲ್ಲಿ ಸುತ್ತಿ ನನ್ನ ಮಡಿಲಲ್ಲಿ ಇಟ್ಟಳು. ಬೇರೆಲ್ಲರ ಸಾಮಾನು ಮನೆಯಲ್ಲಿಯೇ ಉಳಿದು ನನ್ನದು ಮಾತ್ರ ಊರು ಬಿಟ್ಟಿತು ಎಂಬ ಸಂಗತಿ ನನ್ನ ಗಮನಕ್ಕೆ ಬರಲಿಲ್ಲ. ಇತರರ ಕಡತಗಳಲ್ಲಿ ಇಂತಹ ವ್ಯತ್ಯಾಸವನ್ನು ನಾನು ಒಂದೇ ನೋಟದಲ್ಲಿ ಹಿಡಿಯುತ್ತಿದ್ದೆ.

ಮೂಡುಬಿದಿರೆಯಿಂದ ನಾನು ದಿನವೂ ತಂಗಿಗೆ ಫೋನ್ ಮಾಡುತ್ತಿದ್ದೆ. “ಕೆಲಸ ಆಗ್ತಾ ಉಂಟು,” ಎನ್ನುತ್ತಿದ್ದಳು. ರಜೆ ಮುಗಿದು, ಸಿದ್ಧಕಟ್ಟೆ ದಾರಿಯ ಬಸ್ಸಿನಲ್ಲಿ ಕಚೇರಿಗೆ ಹೋಗಿಬರತೊಡಗಿದೆ. ವಾರ ಹತ್ತು ದಿನವಾಯಿತು. “ಪ್ರೈಮರ್ ಒಣಗಲಿಲ್ಲ, ಗಡಿಬಿಡಿ ಮಾಡಿ ಬರಬೇಡ,” ಎಂದಳು. ಗೆಳತಿಯ ಮನೆಯಲ್ಲಿ ನಾನು ಕಪಾಟಿನ ಹಗ್ಗವನ್ನೂ ಬಿಚ್ಚಿರಲಿಲ್ಲ. ಬೇಕಾದ ಬಟ್ಟೆಯನ್ನು ಚೀಲದಿಂದಲೇ ತೆಗೆದು ಉಡುತ್ತಿದ್ದೆ.

ಎರಡನೆಯ ಶನಿವಾರ ಕಚೇರಿಗೆ ರಜೆ. ತಿಳಿಸದೆಯೇ ಮನೆಗೆ ಹೋದೆ. ತಂಗಿ ಮತ್ತು ಮಗಳು ಬಟ್ಟೆ ಖರೀದಿಗೆ ಬೆಳ್ತಂಗಡಿಗೆ ಹೋಗಿದ್ದರು. ಪೇಂಟರ್ ಹಿಂದಿನ ಮೆಟ್ಟಿಲಿನಲ್ಲಿ ಕುಳಿತು ಚಾ ಕುಡಿಯುತ್ತಿದ್ದರು. ಚಾವಡಿ ಮುಗಿದಿತ್ತು. ಕಾಗದ ಬಿಚ್ಚಿದ ಏಳು ಮೊಳೆಗಳು ಅವುಗಳ ಜಾಗದಲ್ಲಿಯೇ ಇದ್ದವು. ಅಡುಗೆಮನೆಯ ಮೂರೂ ಇದ್ದವು. ಸಮಾಧಾನದಿಂದ ದಕ್ಷಿಣದ ಕೋಣೆಯ ಬಾಗಿಲು ತಳ್ಳಿದೆ.

ನಾಲ್ಕು ಗೋಡೆಗಳೂ ಬೆಳ್ಳಗೆ, ಒಂದು ಗೀರೂ ಇಲ್ಲದೆ ನಿಂತಿದ್ದವು. ಕೈಯಿಂದ ಸವರಿ ನೋಡಿದೆ. ಅಮ್ಮನ ಫೋಟೋದ ಜಾಗ ಎಲ್ಲಿತ್ತೆಂದು ಬೆರಳಿಗೂ ಸಿಗಲಿಲ್ಲ. ಸೊಳ್ಳೆ ಪರದೆಯ ಮೂಲೆಗಳಲ್ಲಿಯೂ ಏನೂ ಇರಲಿಲ್ಲ. ಕಿಟಕಿಯ ಮೇಲ್ಗಡೆ ಮಾತ್ರ ಹೊಸದಾಗಿ ಎ.ಸಿ.ಗೆ ಒಂದು ತೂತು ಕೊರೆದಿದ್ದರು.

ನಾನು ಹಿಂದಿನ ಮೆಟ್ಟಿಲಿಗೆ ಹೋಗಿ ಪೇಂಟರನ್ನು ಬೈದೆ. ಜೋರಾಗಿಯೇ ಬೈದೆ. “ಬರೆದುಕೊಟ್ಟದ್ದನ್ನು ಓದ್ಲಿಕ್ಕೆ ಬರುವುದಿಲ್ವಾ ನಿಮಗೆ? ಎಲ್ಲ ಕಡೆ ಸರಿ ಮಾಡಿ ನನ್ನ ಕೋಣೆಯಲ್ಲಿಯೇ ತಪ್ಪಿದ್ದು ಹೇಗೆ?”

ಅವರು ಲೋಟವನ್ನು ಕೆಳಗಿಟ್ಟು ಎದ್ದು ನಿಂತರು.

“ತಪ್ಪಿದ್ದಲ್ಲ ಅಕ್ಕ. ನಿಮ್ಮ ಚೀಟಿ ನೋಡಿ ಒಂಬತ್ತಕ್ಕೂ ಕಾಗದ ಸುತ್ತಿದ್ದೆ. ಮತ್ತೆ ನಿಮ್ಮ ತಂಗಿ ಬಂದು, ಈ ಕೋಣೆಯಲ್ಲಿ ಒಂದೂ ಬೇಡ, ಎಲ್ಲ ಕಿತ್ತು ಸಾಪ್ ಮಾಡಿ ಅಂತ ಹೇಳಿದರು. ಮಗಳು, ಅಳಿಯ ಬಂದರೆ ಈ ಕೋಣೆಯಂತೆ.”

“ಮತ್ತೆ ನಾನು?”

“ನೀವು ಮೂಡುಬಿದಿರೆಯಲ್ಲಿ ಮನೆ ಮಾಡಿದ್ದೀರಿ ಅಲ್ವಾ?” ಅವರು ನನ್ನ ಮುಖ ನೋಡಿ ಮಾತು ನಿಲ್ಲಿಸಿದರು. ಆಮೇಲೆ ಮೆಲ್ಲಗೆ, “ಹಾಗೆ ಹೇಳಿದ್ದು ನನ್ನ ಹತ್ತಿರ. ನಾನು ನಂಬಿದೆ. ಮಂಚ ಏರಿಸಿದ್ದು ನಾನೇ ಅಲ್ವಾ, ನಂಬದೆ ಎಂತ ಮಾಡುವುದು? ಒಂದು ವಾರಕ್ಕೆ ಹೋಗುವವರು ಮಂಚ ತಕ್ಕೊಂಡು ಹೋಗ್ತಾರಾ ಅಂತ ಆಗ ತಲೆಗೆ ಬಂದಿತ್ತು. ಕೇಳ್ಬೇಕಿತ್ತು ನಾನು.”

ಅವರು ಕೇಳಬೇಕಿರಲಿಲ್ಲ. ಕೇಳಬೇಕಾದವಳು ನಾನು.

ತಂಗಿ ಬರುವವರೆಗೆ ಚಾವಡಿಯ ಮೆಟ್ಟಿಲಿನಲ್ಲಿ ಕುಳಿತಿದ್ದೆ. ಬಟ್ಟೆಯಂಗಡಿಯ ಚೀಲಗಳೊಂದಿಗೆ ಅಂಗಳಕ್ಕೆ ಬಂದವಳು ನನ್ನನ್ನು ನೋಡಿದಳು, ತೆರೆದಿದ್ದ ದಕ್ಷಿಣದ ಬಾಗಿಲನ್ನೂ ನೋಡಿದಳು. ಮಗಳನ್ನು ಒಳಗೆ ಕಳುಹಿಸಿದಳು.

“ನಿನಗೆ ಹೇಳ್ಬೇಕು ಅಂತಲೇ ಇದ್ದೆ ಅಕ್ಕ.”

“ಯಾವಾಗ?”

“ಸಮಾರಂಭ ಒಮ್ಮೆ ಕಳೆಯಲಿ ಅಂತ. ಅಳಿಯ ಆಗುವವ ಬಂದರೆ ಎಲ್ಲಿ ಮಲಗಿಸುವುದು ಹೇಳು. ಚಾವಡಿಯಲ್ಲಿಯಾ? ನಿನಗೂ ಅಲ್ಲಿ ಗೆಳತಿ ಇದ್ದಾಳೆ, ಮಾತಾಡ್ಲಿಕ್ಕೆ ಜನ ಆಗ್ತದೆ. ಆಫೀಸಿಗೂ ಬಸ್ಸು ಉಂಟು.”

“ಬಸ್ಸು ಇಲ್ಲಿಂದಲೂ ಉಂಟು.”

ಅವಳು ಚೀಲಗಳನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದಳು. ಕೆಳಗಿಡಲಿಲ್ಲ.

“ನೀನು ಕೇಳಿದ್ದರೆ ನಾನೇ ಕೊಡುತ್ತಿದ್ದೆ,” ಎಂದೆ. ಇದು ನಿಜ. ಅಮ್ಮನ ಫೋಟೋ ಹಿಡಿದುಕೊಂಡು ಅಡುಗೆಮನೆಗೆ ಹೋಗುವ ಒಳ ಓಣಿಯಲ್ಲಿ ಮಂಚ ಹಾಕಿಕೊಳ್ಳುತ್ತಿದ್ದೆ.

“ಕೊಡ್ತಿದ್ದೆ ಅಂತ ನನಗೆ ಗೊತ್ತಿಲ್ವಾ?” ತಂಗಿಯ ಧ್ವನಿ ಒಮ್ಮೆಲೇ ಏರಿತು. “ನೀನು ಕೊಡುತ್ತೀ. ನಗುತ್ತಲೇ ಕೊಡುತ್ತೀ. ಮತ್ತೆ ಆ ಓಣಿಯಲ್ಲಿ ಕೆಮ್ಮುತ್ತಾ ಮಲಗುತ್ತೀ. ಬಂದವರೆಲ್ಲ ನೋಡುತ್ತಾರೆ, ಅಕ್ಕನನ್ನು ಓಣಿಗೆ ಹಾಕಿದಳು ಅಂತ ಹೇಳುತ್ತಾರೆ. ನಾನು ದಿನಾ ಅದನ್ನು ದಾಟಿ ಅಡುಗೆಗೆ ಹೋಗ್ಬೇಕಾ?”

ನನ್ನ ಉಬ್ಬಸಕ್ಕೆ ಬಿಸಿನೀರು ತಂದ ಸಂಜೆಯೂ ನಾನು ಈ ಕೋಣೆಗೆ ಮರಳುವುದಿಲ್ಲವೆಂದು ಅವಳಿಗೆ ತಿಳಿದಿತ್ತು. ಫೋಟೋವನ್ನು ಬೆಡ್‌ಶೀಟಿನಲ್ಲಿ ಅಷ್ಟು ಜೋಪಾನವಾಗಿ ಸುತ್ತಿದಾಗಲೂ ತಿಳಿದಿತ್ತು. ಕೋಣೆ ಹೋದದ್ದಕ್ಕಿಂತ ಆ ಬಿಸಿನೀರನ್ನು ನಾನು ಹೇಗೆ ಕುಡಿದೆ ಎಂಬುದೇ ನನ್ನನ್ನು ಹೆಚ್ಚು ಸುಟ್ಟಿತು. ಒಂದು ಗುಡಿಸಲು ತೆರವು ಮಾಡಿಸುವುದಕ್ಕೂ ಮೊದಲು ನೋಟಿಸು ಕೊಡಬೇಕು, ಆಕ್ಷೇಪಣೆಗೆ ಅವಧಿ ಕೊಡಬೇಕು ಎಂದು ನಾನು ಎಷ್ಟೋ ಪತ್ರಗಳಲ್ಲಿ ಬರೆದಿದ್ದೇನೆ. ನನ್ನನ್ನು ತೆರವು ಮಾಡಲು ನನ್ನದೇ ರಜೆ, ನನ್ನದೇ ಕೈ, ನನ್ನದೇ ಪಟ್ಟಿ ಸಾಕಾಯಿತು.

ಹೊರಡುವಾಗ ಅವಳು ಹಿಂದಿನಿಂದ, “ನಿಶ್ಚಿತಾರ್ಥ ಕಳೆಯಲಿ ಅಕ್ಕ. ಎಂತ ಮಾಡುವುದು ಅಂತ ಕೂತು ಮಾತಾಡುವ. ಇದು ನಿನ್ನ ಮನೆಯೇ,” ಎಂದಳು. ನಾನು ಆ ಕೊನೆಯ ಮಾತನ್ನು ಹಿಡಿದುಕೊಂಡು ಬಸ್ಸು ಹತ್ತಿದೆ. ಒಮ್ಮೆ ಬಾಯಿಮಾತನ್ನು ನಂಬಿ ಕೆಟ್ಟವಳು ಮತ್ತೊಮ್ಮೆ ನಂಬಿದೆ. ಮುಂದಿನ ಎರಡು ವಾರ ಗೆಳತಿ ಎಷ್ಟು ಹೇಳಿದರೂ ಕಪಾಟಿನ ಹಗ್ಗ ಬಿಚ್ಚಲಿಲ್ಲ.

ನಿಶ್ಚಿತಾರ್ಥದ ದಿನ ಹೋಗುವುದೋ ಬೇಡವೋ ಎಂದು ಬೆಳಗಿನವರೆಗೆ ನಿರ್ಧಾರವಾಗಿರಲಿಲ್ಲ. ಹೋಗದಿದ್ದರೆ ನಾನೇ ಬಿಟ್ಟುಕೊಟ್ಟಂತೆ ಆಗುತ್ತದೆ ಎಂದುಕೊಂಡು ರೇಷ್ಮೆ ಸೀರೆ ಉಟ್ಟು ಹೊರಟೆ. ಸರಿಯಾದ ಬಸ್ಸು ಸಿಗದೆ ಬಿಸಿಲು ಏರಿದ ಮೇಲೆ ತಲುಪಿದೆ. ಚಾವಡಿ ತುಂಬಿತ್ತು. ಹುಡುಗನ ಕಡೆಯವರು ಆಗಲೇ ಬಂದಿದ್ದರು. ಗೋಡೆಗಳು ಚೆನ್ನಾಗಿ ಕಾಣುತ್ತಿದ್ದವು, ಇದನ್ನು ಒಪ್ಪಿಕೊಳ್ಳಲೇಬೇಕು. ತಂಗಿಯ ಗಂಡ ಎದ್ದು ಬಂದು, “ಬನ್ನಿ ಅಕ್ಕ, ಬನ್ನಿ. ಕೂತ್ಕೊಳ್ಳಿ,” ಎಂದು ಗೋಡೆ ಬದಿಯ ಕುರ್ಚಿಯೊಂದನ್ನು ತೋರಿಸಿದ. ಆ ಮನೆಯಲ್ಲಿ ನನಗೆ ಕೂತ್ಕೊಳ್ಳಿ ಎಂದು ಅದುವರೆಗೆ ಯಾರೂ ಹೇಳಿರಲಿಲ್ಲ. ಏನು ಮಾಡಬೇಕೆಂದು ತಿಳಿಯದೆ ಕುಳಿತೆ.

ನಮ್ಮ ಕಡೆ ಹೊರಗಿನಿಂದ ಬಂದವರಿಗೆ ಮೊದಲು ಬೆಲ್ಲ ಮತ್ತು ನೀರು ಕೊಡುತ್ತಾರೆ. ಮನೆಯವರಿಗೆ ಕೊಡುವ ಕ್ರಮವಿಲ್ಲ. ಮನೆಯವರು ಬಾಯಾರಿದರೆ ಒಳಗೆ ಹೋಗಿ ತಾವೇ ಬಗ್ಗಿಸಿಕೊಂಡು ಕುಡಿಯುತ್ತಾರೆ. ಬಂದವರ ಸಾಲಿನಲ್ಲಿ ಒಬ್ಬೊಬ್ಬರಿಗೇ ತಟ್ಟೆ ಹಿಡಿಯುತ್ತಾ ತಂಗಿಯ ಮಗಳು ನನ್ನ ತನಕ ಬಂದಳು. ಮದುಮಗಳ ಸೀರೆ, ತಲೆ ತುಂಬಾ ಮಲ್ಲಿಗೆ.

“ದೊಡ್ಡಮ್ಮ, ಬಿಸಿಲಲ್ಲಿ ನಡೆದೇ ಬಂದಿರಾ? ತಕ್ಕೊಳ್ಳಿ.”

ಅವಳ ಮುಖದಲ್ಲಿ ಕಪಟವಿರಲಿಲ್ಲ. ಸಾಲಾಗಿ ಕೊಡುತ್ತ ಬಂದಿದ್ದಳು, ಸಾಲಿನಲ್ಲಿ ನಾನಿದ್ದೆ. ನಾನು ಕೈ ಚಾಚಲಿಲ್ಲ. ತಲೆ ಎತ್ತಿದಾಗ ಅಡುಗೆಮನೆಯ ಬಾಗಿಲಲ್ಲಿ ತಂಗಿ ನಿಂತು ನೋಡುತ್ತಿದ್ದಳು. ನಮ್ಮಿಬ್ಬರಿಗೂ ಆ ತಟ್ಟೆಯ ಅರ್ಥ ಗೊತ್ತಿತ್ತು. ದೊಡ್ಡಮ್ಮನಿಗೆ ಎಂತಕ್ಕೆ ಬೆಲ್ಲ, ಅವಳು ಒಳಗೆ ಬರಲಿ ಎಂದು ತಂಗಿ ಒಂದು ಮಾತು ಹೇಳಿದ್ದರೆ ಸಾಕಿತ್ತು. ಆ ಮಾತು ಬಂದರೆ ಕೋಣೆಯ ವಿಷಯವನ್ನು ಇನ್ನು ಎತ್ತುವುದಿಲ್ಲವೆಂದು ನಾನು ಆ ಕ್ಷಣದಲ್ಲಿಯೇ ನಿಶ್ಚಯಿಸಿದ್ದೆ. ಓಣಿಯೂ ಆಗುತ್ತಿತ್ತು, ಹಟ್ಟಿಯೂ ಆಗುತ್ತಿತ್ತು.

ತಂಗಿಯ ತುಟಿ ಅಲುಗಿದಂತೆ ಕಂಡಿತು. ಅಷ್ಟರಲ್ಲಿ ಹುಡುಗನ ತಾಯಿ ಏನೋ ಕೇಳಿದರು. ತಂಗಿ ಅತ್ತ ತಿರುಗಿ, ನಗುತ್ತ, ಅವರನ್ನು ಕರೆದುಕೊಂಡು ದಕ್ಷಿಣದ ಕೋಣೆ ತೋರಿಸಲು ಹೋದಳು.

ಮಗಳು ಇನ್ನೂ ತಟ್ಟೆ ಹಿಡಿದು ನಿಂತಿದ್ದಳು. ನಾನು ಒಂದು ತುಂಡು ಬೆಲ್ಲ ತೆಗೆದು ಬಾಯಿಗೆ ಹಾಕಿಕೊಂಡೆ, ನೀರು ಕುಡಿದೆ, ಲೋಟವನ್ನು ತಟ್ಟೆಯಲ್ಲಿ ಮರಳಿ ಇಟ್ಟೆ.